ಐವತ್ತು ಮಾರು ಆಳದ ಗಡಿಯಾರ

ಎರಡು ತೋಳುಗಳನ್ನೂ ಅಗಲವಾಗಿ ಚಾಚಿದಾಗ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದು ಕೈಯ ಬೆರಳ ತುದಿಯವರೆಗಿನ ಉದ್ದಕ್ಕೆ ಮಾರು ಎಂದು ಹೆಸರು. ನಮ್ಮ ಹಿರಿಯರು ಬಾವಿಯ ಆಳವನ್ನೂ ಹಗ್ಗದ ಉದ್ದವನ್ನೂ ಮಾರಿನಿಂದಲೇ ಅಳೆಯುತ್ತಿದ್ದರು. ಇಂಗ್ಲೆಂಡಿನ ನಾವಿಕರು ಕಡಲಿನ ಆಳವನ್ನು ಅಳೆಯಲು ಬಳಸಿದ ಫ್ಯಾದಮ್ ಎಂಬುದೂ ಇದೇ ಬಗೆಯ ಅಳತೆ. ಒಂದು ಫ್ಯಾದಮ್ ಎಂದರೆ ಆರು ಅಡಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಂಪೇನ್ ಸಂಸ್ಥೆಯು ಒಂದು ಕೈಗಡಿಯಾರವನ್ನು ತಯಾರಿಸಿ ಅದಕ್ಕೆ ‘ಫಿಫ್ಟಿ ಫ್ಯಾದಮ್ಸ್’, ಅಂದರೆ ‘ಐವತ್ತು ಮಾರು’ ಎಂದು ಹೆಸರಿಟ್ಟಿತು. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರ್. ಇಂದು ಈ ಗಡಿಯಾರವು ಸಿರಿವಂತರ ಆಭರಣವೆಂದು ಎಣಿಸಲ್ಪಡುತ್ತದೆ. ಆದರೆ ಅದು ಹುಟ್ಟಿದುದು ಆಭರಣವಾಗಿ ಅಲ್ಲ. ನೀರಿನಡಿಯಲ್ಲಿ ಮನುಷ್ಯನ ಪ್ರಾಣವನ್ನು ಕಾಯುವ ಸಾಧನವಾಗಿ.

ಮೀನಿನಂತೆ ನೀರಿನಲ್ಲಿ ಸಂಚರಿಸಬೇಕೆಂಬುದು ಮಾನವನ ಬಹುಕಾಲದ ಬಯಕೆ. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬವರು ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿಯನ್ನು ಒದಗಿಸುವ ಉಪಕರಣವನ್ನು ನಿರ್ಮಿಸಿದ ಮೇಲೆ ಈ ಬಯಕೆ ಬಹುಮಟ್ಟಿಗೆ ಕೈಗೂಡಿತು. ಆದರೆ ಸಿಲಿಂಡರಿನ ಗಾಳಿಗೆ ಮಿತಿಯುಂಟು. ಪ್ರತಿ ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡವು ಒಂದು ವಾಯುಮಂಡಲದಷ್ಟು ಏರುತ್ತದೆ. ಆಳಕ್ಕೆ ಇಳಿದಷ್ಟೂ ಗಾಳಿ ಬೇಗ ಮುಗಿಯುತ್ತದೆ.

ಇನ್ನೊಂದು ಅಪಾಯವೂ ಇದೆ. ಒತ್ತಡ ಹೆಚ್ಚಿದಾಗ ಉಸಿರಾಡುವ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿ ಸೇರುತ್ತದೆ. ಮುಳುಗಿದವನು ಅವಸರದಿಂದ ಮೇಲಕ್ಕೆ ಬಂದರೆ, ಸೋಡಾ ಸೀಸೆಯನ್ನು ತೆರೆದೊಡನೆ ಗುಳ್ಳೆಗಳು ಏಳುವಂತೆ, ಆ ಸಾರಜನಕವು ದೇಹದೊಳಗೇ ಗುಳ್ಳೆಗಳಾಗುತ್ತದೆ. ಇದರಿಂದ ತೀವ್ರವಾದ ನೋವು, ಪಾರ್ಶ್ವವಾಯು, ಕೆಲವೊಮ್ಮೆ ಮರಣವೂ ಸಂಭವಿಸಬಹುದು. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವನು ಎಷ್ಟು ನಿಧಾನವಾಗಿ ಮೇಲೇರಬೇಕೆಂಬುದನ್ನು ತಿಳಿಸುವ ಕೋಷ್ಟಕಗಳನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಪ್ರಕಟಿಸಿದರು. ಆದರೆ ಕಳೆದ ಹೊತ್ತನ್ನು ಅರಿಯದವನಿಗೆ ಕೋಷ್ಟಕದಿಂದ ಏನು ಪ್ರಯೋಜನ? ಕಡಲಾಳದಲ್ಲಿ ಮರೆತ ಐದು ನಿಮಿಷವು ಒಂದು ಜೀವದ ಬೆಲೆಯಾಗಬಹುದು.

ಈ ಸತ್ಯವನ್ನು ಸ್ವಂತ ಅನುಭವದಿಂದ ಅರಿತವರು ಝಾನ್ ಝಾಕ್ ಫೀಷ್ಟರ್. ಬ್ಲಾಂಪೇನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು ಮುಳುಗು ಕ್ರೀಡೆಯಲ್ಲಿ ಆಸಕ್ತರು. ಒಮ್ಮೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ನೀರಿನಡಿಯ ಸೊಬಗಿಗೆ ಮನಸೋತು ಹೊತ್ತಿನ ಪರಿವೆಯಿಲ್ಲದೆ ಇದ್ದಾಗ ಅವರ ಸಿಲಿಂಡರಿನ ಗಾಳಿ ಮುಗಿಯಿತು. ತ್ವರೆಯಿಂದ ಮೇಲೇರಿ ಅವರು ಪಾರಾದರು. ಮುಳುಗುಗಾರನಿಗೆ ತಕ್ಕ ಗಡಿಯಾರವೊಂದನ್ನು ನಿರ್ಮಿಸಲೇಬೇಕೆಂಬ ಸಂಕಲ್ಪ ಅಂದು ಅವರಲ್ಲಿ ಮೂಡಿತು.

ಅದೇ ಕಾಲಕ್ಕೆ ಫ್ರಾನ್ಸಿನ ಸೇನೆಯೂ ಇಂತಹ ಗಡಿಯಾರವನ್ನು ಅರಸುತ್ತಿತ್ತು. ಕ್ಯಾಪ್ಟನ್ ರಾಬರ್ ಮಾಲೂಬಿಯೇ ಮತ್ತು ಲೆಫ್ಟಿನೆಂಟ್ ಕ್ಲಾಡ್ ರಿಫೋ ಎಂಬ ಅಧಿಕಾರಿಗಳು ಯುದ್ಧಕಾರ್ಯಕ್ಕಾಗಿ ಮುಳುಗುಗಾರರ ದಳವೊಂದನ್ನು ಕಟ್ಟಿದ್ದರು. ಇರುಳಿನಲ್ಲಿ, ಕಲಕಿದ ನೀರಿನಲ್ಲಿ ಕೆಲಸ ಮಾಡಬೇಕಾದ ಆ ಸೈನಿಕರಿಗೆ ಅಂದು ಮಾರುಕಟ್ಟೆಯಲ್ಲಿದ್ದ ಗಡಿಯಾರಗಳು ಒದಗಲಿಲ್ಲ. ಅಧಿಕಾರಿಗಳು ತಮಗೆ ಬೇಕಾದ ಗುಣಗಳನ್ನು ತಾವೇ ಬರೆದು ಪಟ್ಟಿಮಾಡಿದರು. ಅವರ ಬೇಡಿಕೆ ಮತ್ತು ಫೀಷ್ಟರರ ಯೋಜನೆ ಒಂದಕ್ಕೊಂದು ಹೊಂದಿಕೊಂಡವು.

ಈ ಗಡಿಯಾರದ ಅಂಗಾಂಗಗಳಲ್ಲಿ ಒಂದೂ ಬರಿಯ ಅಲಂಕಾರಕ್ಕಾಗಿ ಇದ್ದುದಲ್ಲ. ಮಬ್ಬಿನಲ್ಲಿಯೂ ಒಂದೇ ನೋಟಕ್ಕೆ ತಿಳಿಯಲೆಂದು ಮುಖಫಲಕವು ಕಪ್ಪಾಗಿಯೂ ಅದರ ಮೇಲಿನ ಗುರುತುಗಳು ದೊಡ್ಡವಾಗಿಯೂ ಹೊಳೆಯುವಂತೆಯೂ ಇದ್ದವು. ಗಾಜಿನ ಸುತ್ತ ತಿರುಗುವ ಬಳೆಯೊಂದಿತ್ತು. ಮುಳುಗುವ ಗಳಿಗೆಯಲ್ಲಿ ಬಳೆಯ ಮೊದಲ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿ ಇರಿಸಬೇಕು. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿದವನು ಹತ್ತೂಮುಕ್ಕಾಲಿಗೆ ನೋಡಿದರೆ, ಮುಳ್ಳು ಬಳೆಯ ಮೇಲಿನ ಇಪ್ಪತ್ತೈದನ್ನು ತೋರಿಸುತ್ತದೆ, ಲೆಕ್ಕಮಾಡುವ ಶ್ರಮವಿಲ್ಲ. ಅರಿಯದೆ ತಾಗಿ ಬಳೆ ತಿರುಗದಂತೆ ತಡೆಯುವ ಏರ್ಪಾಡನ್ನೂ ಫೀಷ್ಟರರು ರೂಪಿಸಿದರು. ಇಂದಿನ ಮುಳುಗು ಗಡಿಯಾರಗಳ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ. ಅದು ಆಕಸ್ಮಿಕವಾಗಿ ಜರುಗಿದರೂ ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸೀತೇ ಹೊರತು ಕಡಿಮೆಯಾಗಿ ತೋರಿಸದು. ತಪ್ಪಿದರೂ ರಕ್ಷಣೆಯ ಕಡೆಗೇ ತಪ್ಪಬೇಕು ಎಂಬ ವಿವೇಕ ಇದರಲ್ಲಿ ಅಡಗಿದೆ.

ಗಡಿಯಾರವು ಸ್ವಯಂಚಾಲಿತವಾದುದಕ್ಕೂ ಕಾರಣವಿದೆ. ದಿನದಿನವೂ ಕೀಲಿ ಕೊಟ್ಟರೆ ಕೀಲಿಗುಂಡಿಯ ಸುತ್ತಲಿನ ರಬ್ಬರು ಸವೆದು ನೀರು ಒಳನುಗ್ಗಬಹುದು. ಸ್ವಯಂಚಾಲಿತ ಗಡಿಯಾರದಲ್ಲಿ ಅರ್ಧಚಂದ್ರಾಕಾರದ ಲೋಹದ ಬಿಲ್ಲೆಯೊಂದು ಕೈಯ ಚಲನೆಯಿಂದ ತೂಗಾಡಿ ತಾನೇ ಸ್ಪ್ರಿಂಗನ್ನು ಸುತ್ತುತ್ತದೆ. ಇಷ್ಟಾದರೂ ಸಾಲದೆಂದು ಕೀಲಿಗುಂಡಿಗೆ ಎರಡು ತಡೆಗಳನ್ನು ಇಟ್ಟರು. ಯಂತ್ರದ ಸುತ್ತ ಮೆದುಕಬ್ಬಿಣದ ಒಳಕವಚವನ್ನು ತೊಡಿಸಿ ಕಾಂತಶಕ್ತಿಯಿಂದಲೂ ಅದನ್ನು ಕಾಪಾಡಿದರು. ಕೆಲವು ಮಾದರಿಗಳ ಮುಖಫಲಕದಲ್ಲಿ, ತೇವ ಒಳಹೊಕ್ಕರೆ ಬಣ್ಣ ಬದಲಾಗಿ ಎಚ್ಚರಿಸುವ ಪುಟ್ಟ ಗುರುತೂ ಇತ್ತು. ಫ್ರಾನ್ಸಿನ ತರುವಾಯ ಅಮೆರಿಕ, ಜರ್ಮನಿಗಳ ನೌಕಾಪಡೆಗಳೂ ಈ ಗಡಿಯಾರವನ್ನು ಬಳಸಿದವು. ಕೂಸ್ಟೋ ಅವರ 1956ರ ‘ಮೌನ ಜಗತ್ತು’ ಎಂಬ ಚಲನಚಿತ್ರದ ಮುಳುಗುಗಾರರ ಕೈಯಲ್ಲಿಯೂ ಅದು ಕಾಣಿಸಿಕೊಂಡಿತು.

1980ರ ದಶಕದಲ್ಲಿ ಆಳವನ್ನೂ ಹೊತ್ತನ್ನೂ ಒಟ್ಟಿಗೆ ಲೆಕ್ಕಹಾಕುವ ಪುಟ್ಟ ಗಣಕಗಳು ಮುಳುಗುಗಾರರ ಕೈಸೇರಿದವು. ಗಡಿಯಾರದ ಕೆಲಸ ಕಡಿಮೆಯಾಯಿತು; ಬೆಲೆ ಮಾತ್ರ ಏರಿತು. ಇಂದು ಹೊಸದಕ್ಕೆ ಲಕ್ಷಗಟ್ಟಲೆ ರೂಪಾಯಿ ತೆರಬೇಕು. ಸೈನಿಕರು ಬಳಸಿದ ಹಳೆಯದನ್ನು ಕೊಳ್ಳಲು ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ. ಬಳಸಿದ ವಸ್ತುವಿನ ಬೆಲೆ ಇಳಿಯುವುದು ಲೋಕರೂಢಿ. ಇಲ್ಲಿ ಗೀರನ್ನು ಉಜ್ಜಿ ಹೊಳಪು ಕೊಟ್ಟರೆ, ಮಾಸಿದ ಮುಖಫಲಕವನ್ನು ತೆಗೆದು ಹೊಸದನ್ನು ಕೂಡಿಸಿದರೆ, ಬೆಲೆ ಕುಗ್ಗುತ್ತದೆ! ಆದುದರಿಂದಲೇ ನಕಲಿ ಗುರುತುಗಳನ್ನು ಕೊರೆದು ವಂಚಿಸುವವರೂ ಹುಟ್ಟಿಕೊಂಡಿದ್ದಾರೆ.

ಕೊಳ್ಳುವವನು ಅರಿಯಬೇಕಾದ ಸಂಗತಿಗಳು ಬೇರೆಯೂ ಇವೆ. ಹಳೆಯ ಗಡಿಯಾರದ ರಬ್ಬರು ಕಾಲಕ್ರಮದಲ್ಲಿ ಬಿರುಸಾಗಿ ಬಿರಿಯುತ್ತದೆ. ಐವತ್ತು ಮಾರು ಆಳವನ್ನು ತಾಳಿದ ಗಡಿಯಾರವು ಒತ್ತಡದ ಪರೀಕ್ಷೆ ನಡೆಸದೆ ನೀರಿಗಿಳಿದರೆ ಬಕೆಟ್ಟಿನ ನೀರಿನಲ್ಲಿಯೂ ಕೆಡಬಹುದು. ಆರಂಭದ ಗಡಿಯಾರಗಳಲ್ಲಿ ಹೊಳಪಿಗಾಗಿ ರೇಡಿಯಂ ಬೆರೆತ ಬಣ್ಣವನ್ನು ಹಚ್ಚುತ್ತಿದ್ದರು. ಆ ಬಣ್ಣದ ಹೊಳಪು ಕೆಲವು ದಶಕಗಳಲ್ಲಿ ನಂದುತ್ತದೆ. ಆದರೆ ರೇಡಿಯಂನ ವಿಕಿರಣವು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷಗಳು ಬೇಕು. ಬೆಳಕು ಆರಿದ ಮಾತ್ರಕ್ಕೆ ಅಪಾಯ ಆರಲಿಲ್ಲ. ಅಂತಹ ಗಡಿಯಾರವನ್ನು ತಿಳಿಯದವರು ಬಿಚ್ಚಬಾರದು.

ಒಂದು ವಸ್ತುವಿನ ಬೆಲೆ ಬೇರೆ, ಮೌಲ್ಯ ಬೇರೆ. ಬೆಲೆಯನ್ನು ಮಾರುಕಟ್ಟೆ ಕಟ್ಟುತ್ತದೆ. ಮೌಲ್ಯವನ್ನು ಅಗತ್ಯ ಕಟ್ಟುತ್ತದೆ. ಕತ್ತಲೆಯ ನೀರಿನಲ್ಲಿ ಇನ್ನೆಷ್ಟು ನಿಮಿಷದ ಉಸಿರು ಉಳಿದಿದೆಯೆಂದು ಕೈಯತ್ತ ನೋಡಿದ ಮುಳುಗುಗಾರನಿಗೆ ಈ ಗಡಿಯಾರದ ಮೌಲ್ಯ ತಿಳಿದಿತ್ತು. ಅವನು ಅದರಲ್ಲಿ ನೋಡಿದುದು ಹೊಳಪನ್ನಲ್ಲ, ಮೇಲಕ್ಕೆ ಮರಳಬೇಕಾದ ಹೊತ್ತನ್ನು.