ಲಗ್ಗೆರೆಯಲ್ಲಿ ‘ವಿತ್‌ಡ್ರಾ’ ಅಂದರೆ

ಎಟಿಎಂ ಪರದೆಯ ಮೇಲೆ ‘ವಿತ್‌ಡ್ರಾ’ ಎಂದರೆ ಹಣ ತೆಗೆಯುವುದು, ಅಷ್ಟೆ. ಪಕ್ಕದ ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಹೆಣ್ಣುಮಕ್ಕಳು ದುಡಿಯಲು ಹೋಗುವ ಬೆಂಗಳೂರಿನ ಲಗ್ಗೆರೆಯಲ್ಲಿ ‘ಪಿಎಫ್ ವಿತ್‌ಡ್ರಾ ಮಾಡಿಸೋದು’ ಎಂದಾಗ ಅದರೊಳಗೆ ಇನ್ನೂ ಬಹಳ ಸೇರಿರುತ್ತದೆ: ಬಿಟ್ಟ ಕೆಲಸ, ಇನ್ನೂ ಸಿಗದ ಕೆಲಸ, ಮಕ್ಕಳ ಫೀಸು, ಮನೆಯ ಲೀಸು, ಊರಿನ ಸಾಲ. ಕಾನೂನು ರೂಪಿಸುವವರಿಗೆ ಇದು ಮುಪ್ಪಿನ ಉಳಿತಾಯಕ್ಕೆ ಕೈ ಹಾಕುವ ದುಡುಕಾಗಿ ಕಾಣುತ್ತದೆ. ನಿಜದಲ್ಲಿ, ಕೆಲಸ ಹೋದಾಗ ಕೈ ಹಿಡಿಯುವ ಭತ್ಯೆ ಸುಲಭವಾಗಿ ಸಿಗದವರ ಪಾಲಿಗೆ ಪಿಎಫ್ಫೇ ಆ ಭತ್ಯೆ.

ಲೆಕ್ಕ ನೋಡಿ. ಮೂಲ ವೇತನ 10,000 ರೂಪಾಯಿ ಇದ್ದರೆ ಕಾರ್ಮಿಕಳ ಪಾಲು 1,200. ಮಾಲೀಕರ 1,200ರಲ್ಲಿ 833 ಪಿಂಚಣಿಗೆ ಹೋಗಿ, 367 ಮಾತ್ರ ಪಿಎಫ್ ಸೇರುತ್ತದೆ. ಮಾಲೀಕರ ಈ ಸಣ್ಣ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರುವರಿ 10ರಂದು ಅಧಿಸೂಚನೆ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಯಾವ ಯೂನಿಯನ್ ಕರೆಗೂ ಕಾಯದೆ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಅದನ್ನು ಸಮರ್ಥಿಸುವಂತಿಲ್ಲ. ಆದರೂ 19ರ ಸಂಜೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ವಾಪಸ್ ಪಡೆದರು. ಹಣ ವಿತ್‌ಡ್ರಾ ಮಾಡುವ ಹಕ್ಕು ಉಳಿಯಲು ಸರ್ಕಾರವೇ ತನ್ನ ಆದೇಶವನ್ನು ವಿತ್‌ಡ್ರಾ ಮಾಡಬೇಕಾಯಿತು.

ಹೀಗೆ ತೆಗೆಯುತ್ತ ಹೋದರೆ ವಯಸ್ಸಾದ ಮೇಲೆ ಗತಿಯೇನು ಎಂಬ ಆಕ್ಷೇಪ ಹಗುರವಾದದ್ದಲ್ಲ. ಪ್ರತಿ ಸಲ ಖಾತೆ ಖಾಲಿಯಾದಾಗ ಬಡ್ಡಿಯ ಮೇಲಿನ ಬಡ್ಡಿ ನಿಲ್ಲುತ್ತದೆ. ಪಿಂಚಣಿಯ ಹಣವನ್ನೂ ತೆಗೆದರೆ ಸೇವೆಯ ವರ್ಷಗಳೇ ಅಳಿಸಿಹೋಗುತ್ತವೆ. ಆದರೆ ಹಣಕ್ಕೆ ಬೀಗ ಹಾಕಿದರೆ ಮುಂದೆ ಸಿಗುವುದೆಷ್ಟು? ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇಷ್ಟನ್ನು ನಂಬಿ ಇವತ್ತಿನ ಬಾಡಿಗೆ ಕಟ್ಟದೆ ಇರಿ ಎನ್ನಲಾದೀತೇ? 2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯ ಕೇಂದ್ರ ಮಂಡಳಿ ಕೆಲಸ ಹೋದವರಿಗೆ ಪಿಎಫ್ ಹಣದ ಮುಕ್ಕಾಲು ಪಾಲನ್ನು ಕೂಡಲೇ ಕೊಟ್ಟು, ಉಳಿದ ಕಾಲು ಪಾಲಿಗೆ ಕಾಯುವ ಅವಧಿಯನ್ನು ಎರಡು ತಿಂಗಳಿಂದ ಹನ್ನೆರಡಕ್ಕೆ ಏರಿಸುವ ತೀರ್ಮಾನ ಮಾಡಿತು. 2016ಕ್ಕಿಂತ ಇದು ಮೆದು, ನಿಜ. ಆದರೂ ಕನಿಷ್ಠ ಪಿಂಚಣಿಯನ್ನು ಬದುಕುವಷ್ಟಕ್ಕೆ ಏರಿಸದೆ ಆ ಕಾಲು ಪಾಲನ್ನು ತಡೆದಿಡುವುದು ನ್ಯಾಯವಲ್ಲ.