ಕಾಫಿ ಖರ್ಚೂ ಲಂಚವೇ

ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದ ಮೇಲೆ, 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ತಮಕದಲ್ಲಿ ನೆಲೆ ನಿಂತಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಬೆಂಗಳೂರಿನ ಜ್ಞಾನಭಾರತಿವರೆಗೆ ಅಲೆಯುವುದು ತಪ್ಪಿತು. ಆದರೆ ವಿಶ್ವವಿದ್ಯಾಲಯದ ನೌಕರರ ನಡತೆಯ ಬಗ್ಗೆ ನಮ್ಮ ಊರುಗಳಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಹಾಗೇ ಉಳಿದಿವೆ.

ತಪ್ಪು ಕಲ್ಪನೆ: ನ್ಯಾಯವಾಗಿ ಆಗಬೇಕಾದ ಕೆಲಸ ಮಾಡಿಕೊಟ್ಟು ಕಾಫಿ ಖರ್ಚಿಗೆ ತೆಗೆದುಕೊಂಡರೆ ಅದು ಲಂಚವಲ್ಲ.

ವಾಸ್ತವ: ಲಂಚವೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಕೆಲಸ ಸರಿಯಾಗಿಯೇ ನಡೆದಿದ್ದರೂ ಅದಕ್ಕಾಗಿ ಹಣ ಪಡೆಯುವುದು ಅಪರಾಧ, ಪಡೆಯಲು ಯತ್ನಿಸುವುದೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್ ತಪ್ಪಾಗಿದೆ ಅನ್ನಿ. ಶ್ರೀನಿವಾಸಪುರದ ಆಚೆಯ ಹಳ್ಳಿಯ ಹುಡುಗಿ ಅದನ್ನು ತಿದ್ದಿಸಲು ಬಸ್ಸು ಬದಲಿಸಿಕೊಂಡು ತಮಕಕ್ಕೆ ಬರುತ್ತಾಳೆ. ಜೊತೆಗೆ ಬಂದ ಅಪ್ಪನ ಅವತ್ತಿನ ಕೂಲಿ ಹೋಯಿತು. ‘ನಾಳೆ ಬನ್ನಿ’ ಅಂದರೆ ಇನ್ನೊಂದು ದಿನದ ಕೂಲಿಯೂ ಹೋಯಿತು. ಆ ಭಯಕ್ಕೇ ಅವನು ಜೇಬಿಗೆ ಕೈ ಹಾಕುತ್ತಾನೆ. ‘ಖುಷಿಯಿಂದ ಕೊಟ್ಟರು’ ಎನ್ನುವವರು ಅವನ ಮುಖ ನೋಡಿರುವುದಿಲ್ಲ. ಕಾರಣವಿಲ್ಲದೆ ಕಡತ ತಡೆಹಿಡಿಯುವುದು ಕೈ ಚಾಚಿದಷ್ಟೇ ದೊಡ್ಡ ತಪ್ಪು ಎಂದೇ ನಾನು ನಂಬಿದ್ದೇನೆ.

ತಪ್ಪು ಕಲ್ಪನೆ: ಅತಿಥಿ ಉಪನ್ಯಾಸಕರು ಕಾಯಂ ನೌಕರರಲ್ಲ, ಅವರಿಗೆ ಈ ಕಾಯ್ದೆ ತಟ್ಟುವುದಿಲ್ಲ.

ವಾಸ್ತವ: ಕುಲಪತಿಯಿಂದ ಹಿಡಿದು ಯಾವ ಹುದ್ದೆಯ ಹೆಸರಿನ ನೌಕರನೇ ಆಗಲಿ, ವಿಶ್ವವಿದ್ಯಾಲಯದಲ್ಲಿರುವವರೆಲ್ಲ ಈ ಕಾಯ್ದೆಯ ಕಣ್ಣಿನಲ್ಲಿ ಸಾರ್ವಜನಿಕ ಸೇವಕರು. ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯ ಯಾರ ಸೇವೆ ಪಡೆದರೂ ಅವರೂ ಇದರೊಳಗೇ ಬರುತ್ತಾರೆ.

ತಪ್ಪು ಕಲ್ಪನೆ: ದೂರು ಕೊಟ್ಟರೆ ಲಂಚ ಕೊಟ್ಟವರೂ ಸಿಕ್ಕಿಬೀಳುತ್ತಾರೆ.

ವಾಸ್ತವ: ಲಂಚ ಕೊಡುವುದೂ ಅಪರಾಧ, ನಿಜ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಅವರ ಮೇಲೆ ಆರೋಪ ನಿಲ್ಲುವುದಿಲ್ಲ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗುವುದು ಇನ್ನೂ ಒಳ್ಳೆಯದು. ಅವರು ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ. ಹಣ ಮುಟ್ಟಿದ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ತಪ್ಪು ಕಲ್ಪನೆ: ಮೇಷ್ಟ್ರು ದುಡ್ಡು ಮುಟ್ಟದಿದ್ದರೆ ಸಾಕು, ಪ್ರಾಮಾಣಿಕರೇ.

ವಾಸ್ತವ: ಸಾಲದು. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಪ್ರಕಟಿತ ಬರಹದಲ್ಲಿ ಶೇ 60ಕ್ಕಿಂತ ಹೆಚ್ಚು ನಕಲು ಸಿಕ್ಕಿದರೆ ಅಧ್ಯಾಪಕರ 2 ವಾರ್ಷಿಕ ವೇತನ ಬಡ್ತಿ ನಿಲ್ಲುತ್ತದೆ, 3 ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳು ಸಿಗುವುದಿಲ್ಲ.

ತಪ್ಪು ಕಲ್ಪನೆ: ನೆಟ್ಟಗೆ ನಡೆಯುವವರು ಮೇಲಕ್ಕೆ ಬರುವುದೇ ಇಲ್ಲ.

ವಾಸ್ತವ: ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನ ಹೊಸೂರಿನಲ್ಲಿ, ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬಾಳಿನ ಬಹುಪಾಲನ್ನು ಅವರು ಕಳೆದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಖಾದಿ ತೊಟ್ಟುಕೊಂಡು.

ತಪ್ಪು ಕಲ್ಪನೆ: ಉತ್ತರ ಪತ್ರಿಕೆ ಗೋಪ್ಯ, ಕೇಳುವ ಹಕ್ಕಿಲ್ಲ.

ವಾಸ್ತವ: ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಬರೆದವರಿಗೆ ಇದೆಯೆಂದು 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂಕದ ಮೇಲೆ ಅನುಮಾನವಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು ವಿಶ್ವವಿದ್ಯಾಲಯಕ್ಕಿರುವುದು 30 ದಿನ.