ಸಣ್ಣ ಅಂಗಡಿಗೆ ಎಂಥ ಕ್ಯೂ ಕೋಲು?

ವ್ಯಾಪಾರವೆಂದರೆ ಕೊಂಡು ಮಾರುವುದು. ಅದರಲ್ಲಿ ಕಲಿಯಬೇಕಾದದ್ದು ಏನಿದೆ ಎಂದು ನಾವೂ ಬಹುಕಾಲ ತಿಳಿದಿದ್ದೆವು. ಮಾರುವುದು ಒಂದು ವಿದ್ಯೆಯಾದರೆ, ಏನನ್ನು ಕೊಂಡು ಇಡಬೇಕೆಂದು ತೀರ್ಮಾನಿಸುವುದು ಅದಕ್ಕಿಂತ ದೊಡ್ಡ ವಿದ್ಯೆ ಎಂಬುದು ನಮಗೆ ಮನವರಿಕೆಯಾದದ್ದು ಹತ್ತು ಕೋಲುಗಳಿಂದ. ಆ ಕಥೆಯನ್ನೂ, ಅದರಿಂದ ತಿಳಿದ ವಿಷಯಗಳನ್ನೂ ಇಲ್ಲಿ ಹೇಳುತ್ತೇವೆ.

2024ರ ಡಿಸೆಂಬರಿನಲ್ಲಿ ಹಿರಿಯರ ಕಾರ್ಯಕ್ಕೆಂದು ನಾವು ತಿರುನೆಲ್ಲಿಗೆ ಹೊರಟಿದ್ದೆವು. ಹೆಗ್ಗಡದೇವನಕೋಟೆಯ ಮೇಲೆ ಬಂದು, ಬಾವಲಿಯಲ್ಲಿ ಗಡಿ ದಾಟಿ, ಕಾಟ್ಟಿಕುಳಂ ಮಾರ್ಗವಾಗಿ ತೃಶ್ಶಿಲೇರಿಗೆ ಹೋದೆವು. ತಿರುನೆಲ್ಲಿಗೆ ಹೋಗುವವರು ಮೊದಲು ತೃಶ್ಶಿಲೇರಿಯ ಶಿವನಿಗೆ ಕೈಮುಗಿಯುವುದು ವಾಡಿಕೆ. ಕಾಫಿ, ಕರಿಮೆಣಸಿನ ತೋಟಗಳ ನಡುವಿನ ಆ ಊರಿನಲ್ಲಿ ನಮ್ಮ ಸೋದರಮಾವನ ಸಣ್ಣದೊಂದು ಅಂಗಡಿಯಿದೆ. ನೋಟುಪುಸ್ತಕ, ಚೆಂಡು, ಶಟಲ್ ಕಾಕ್, ಕೇರಂ ಪುಡಿ ಮುಂತಾದವು ಅಲ್ಲಿ ಸಿಗುತ್ತವೆ. ಅಂಗಡಿಯ ಮೂಲೆಯಲ್ಲಿ ಉದ್ದನೆಯ ಕೋಲುಗಳು ಗೋಡೆಗೆ ಒರಗಿ ಬಾಗಿ ನಿಂತಿದ್ದವು. ನಮ್ಮ ಜೊತೆಯಲ್ಲಿದ್ದ ಹುಡುಗ, “ಇದೇನು ಮಾವ, ಬಿಲ್ಲು ಮಾಡಲು ತಂದಿದ್ದೀರಾ?” ಎಂದು ಕೇಳಿಯೇಬಿಟ್ಟ.

“ನಗಬೇಡ ಮಗು, ಅದರಲ್ಲಿ ಸಂಘದ ಸಾಲದ ಹಣವಿದೆ,” ಎಂದರು ಮಾವ.

ನಡೆದದ್ದು ಇಷ್ಟು. ಸುತ್ತಮುತ್ತಲಿನ ಹೋಂ ಸ್ಟೇಗಳಲ್ಲಿ ಪೂಲ್ ಆಟದ ಮೇಜುಗಳು ಬಂದಿದ್ದವು. ಕೋಲು ಬೇಕೆಂದು ಇಬ್ಬರು ಮೂವರು ವಿಚಾರಿಸಿದ್ದರು. ಮಾವ ಸಾಲ ತೆಗೆದು, ಹೊಳೆಹೊಳೆಯುವ ಹತ್ತು ಕೋಲುಗಳನ್ನು ಒಮ್ಮೆಗೇ ತರಿಸಿದರು. ಮೂರು ಮಾರಿಹೋದವು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡರು. ಆ ಊರುಗಳು ತೃಶ್ಶಿಲೇರಿಗೆ ಹತ್ತಿರವಲ್ಲದಿದ್ದರೂ ಜಿಲ್ಲೆಗೆಲ್ಲ ಪ್ರವಾಸಿಗರು ಬರುವುದು ಕಡಿಮೆಯಾಯಿತು. ಹೋಂ ಸ್ಟೇಗಳು ಖಾಲಿಯಾದವು. ಮಳೆ ಬಿಡುವ ಹೊತ್ತಿಗೆ ಉಳಿದ ಏಳು ಕೋಲುಗಳು ಬಾಗಿದ್ದವು. ವಿಪತ್ತನ್ನು ಯಾರೂ ತಡೆಯಲಾರರು. ಆದರೆ ಕೋಲು ಬಾಗಿದ್ದನ್ನು ತಡೆಯಬಹುದಾಗಿತ್ತಲ್ಲವೆ?

ಲೆಕ್ಕವನ್ನು ಸುಲಭದ ಅಂಕಿಗಳಲ್ಲಿ ಮಾಡೋಣ. ಒಂದು ಕೋಲಿನ ಅಸಲು 1000 ರೂಪಾಯಿ, ಮಾರುವ ಬೆಲೆ 1250 ಎಂದಿಟ್ಟುಕೊಳ್ಳಿ. ಮೂರು ಮಾರಿದರೆ ಲಾಭ 750. ಏಳು ಕೆಟ್ಟರೆ ನಷ್ಟ 7000. ಆ ನಷ್ಟ ತುಂಬಲು 28 ಕೋಲುಗಳನ್ನು ಮಾರಬೇಕು! ಸಣ್ಣ ಊರಿನಲ್ಲಿ ಅದಕ್ಕೆ ಎಷ್ಟು ವರ್ಷ ಬೇಕೋ ಹೇಳುವವರಾರು?

ಹಾಗಾದರೆ ಎಂಥ ಕೋಲನ್ನು ಆರಿಸಬೇಕು? ಮೊಟ್ಟಮೊದಲು ಆಟ ಯಾವುದೆಂದು ತಿಳಿಯಬೇಕು. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟಗಳಲ್ಲಿ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಮೂರು ಮುಖ್ಯವಾದವು. ಇವುಗಳಲ್ಲಿ ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ್ದು. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಸೈನ್ಯಾಧಿಕಾರಿ ಅದನ್ನು ಆರಂಭಿಸಿದನೆಂದು ಹೇಳುತ್ತಾರೆ. ಮುಂದೆ ಅದರ ನಿಯಮಗಳನ್ನು ಬರೆದು ತೂಗುಹಾಕಿದ್ದು ವಯನಾಡಿನ ನೆರೆಯ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ. ಸ್ನೂಕರ್ ಮೇಜು 12 ಅಡಿ ಉದ್ದ. ಚೆಂಡಿನ ಅಡ್ಡಳತೆ 52.5 ಮಿಲಿಮೀಟರ್. ಪೂಲ್ ಮೇಜು 7ರಿಂದ 9 ಅಡಿ. ಚೆಂಡು ಸುಮಾರು 57 ಮಿಲಿಮೀಟರ್, ತೂಕವೂ ಹೆಚ್ಚು. ಆದ್ದರಿಂದ ಸ್ನೂಕರ್ ಕೋಲಿನ ತುದಿ 9–10 ಮಿಲಿಮೀಟರ್ ಸಪೂರವಾಗಿದ್ದರೆ, ಪೂಲ್ ಕೋಲಿನ ತುದಿ 12–13 ಮಿಲಿಮೀಟರ್ ದಪ್ಪವಿರುತ್ತದೆ. ಹೋಂ ಸ್ಟೇಗಳಲ್ಲಿ ಇರುವುದು ಪೂಲ್ ಮೇಜು. ಮಾವ ತರಿಸಿದ ಹತ್ತರಲ್ಲಿ ನಾಲ್ಕು ಸ್ನೂಕರ್ ಕೋಲುಗಳು! ಗಿರಾಕಿಯ ಮನೆಯ ಮೇಜನ್ನು ನೋಡದೆ ಕೋಲು ತರಿಸುವುದು, ಕಾಲಿನ ಅಳತೆ ಕೇಳದೆ ಚಪ್ಪಲಿ ತಂದಂತೆಯೇ ಸರಿ.

ಎರಡನೆಯದು ಮರ. ಒಳ್ಳೆಯ ಕೋಲುಗಳ ಮುಂಭಾಗವನ್ನು ಆಶ್ ಅಥವಾ ಮೇಪಲ್ ಎಂಬ ಹೊರದೇಶದ ಗಟ್ಟಿ ಮರಗಳಿಂದ ಮಾಡುತ್ತಾರೆ. ಹಿಡಿಯುವ ಭಾಗಕ್ಕೆ ಕರಿಮರ, ಬೀಟೆಯಂಥ ಭಾರದ ಮರಗಳನ್ನು ಬೆಸೆಯುವುದುಂಟು. ಅಗ್ಗದ ಕೋಲುಗಳಲ್ಲಿ ಆ ಬೆಸುಗೆಯ ಚಿತ್ರವನ್ನು ಅಂಟಿಸಿ ಮೇಲೆ ವಾರ್ನಿಷ್ ಹಚ್ಚಿರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಚಿತ್ರದಿಂದ ಚೆಂಡು ನೇರವಾಗಿ ಹೋಗುವುದಿಲ್ಲ.

ಕೋಲು ನೇರವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಸಮತಟ್ಟಾದ ಗಾಜಿನ ಮೇಲೆ ಕೋಲನ್ನಿಟ್ಟು ನಿಧಾನವಾಗಿ ಉರುಳಿಸಬೇಕು. ಒಂದೇ ಸಮನೆ ಉರುಳಿದರೆ ಅದು ನೇರ. ಕುಣಿಯುತ್ತ ಉರುಳಿದರೆ, ಅಡಿಯ ಬೆಳಕಿನ ಗೆರೆ ಒಮ್ಮೆ ದಪ್ಪ ಒಮ್ಮೆ ತೆಳು ಕಂಡರೆ, ಬಾಗಿದೆಯೆಂದು ಅರ್ಥ. ಎರಡು ತುಂಡಿನ ಕೋಲಾದರೆ ತುಂಡುಗಳನ್ನು ಬೇರೆಬೇರೆಯಾಗಿಯೂ, ತಿರುಪಿ ಜೋಡಿಸಿದ ಮೇಲೆಯೂ ಉರುಳಿಸಬೇಕು. ಮಾವನ ಅಂಗಡಿಯ ಮುಂದೆಯೇ ಗಾಜಿನ ಪೆಟ್ಟಿಗೆಯಿದೆ. ಕೋಲು ಬಂದ ದಿನ ಅದರ ಮೇಲೆ ಉರುಳಿಸಿ ನೋಡಿದ್ದರೆ ಡೊಂಕಾದವನ್ನು ಅಂದೇ ಹಿಂದಕ್ಕೆ ಕಳಿಸಬಹುದಾಗಿತ್ತು.

ನೇರವಾದ ಕೋಲೂ ಕೆಡುವುದುಂಟು. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದು ಮಗ್ಗುಲು ಹೆಚ್ಚು, ಇನ್ನೊಂದು ಮಗ್ಗುಲು ಕಡಿಮೆ ಹೀರಿದರೆ ಕೋಲು ಬಾಗುತ್ತದೆ. ಒದ್ದೆ ಗೋಡೆಗೆ ತಿಂಗಳುಗಟ್ಟಲೆ ಒರಗಿಸಿಟ್ಟರೆ ತನ್ನ ಭಾರದಿಂದಲೂ ಬಾಗುತ್ತದೆ. ಆದ್ದರಿಂದ ಕೋಲನ್ನು ನೆಟ್ಟಗೆ ತೂಗುಹಾಕಬೇಕು, ಇಲ್ಲವೆ ಉದ್ದಕ್ಕೂ ಆಧಾರವಿರುವ ಹಲಗೆಯ ಮೇಲೆ ಮಲಗಿಸಬೇಕು. ಬಿಸಿಲು, ಒದ್ದೆ ಎರಡೂ ತಾಗಬಾರದು. ಮರದ ಮೇಲೆ ಫೈಬರ್‌ಗ್ಲಾಸ್ ಹೊದಿಸಿದ ಕೋಲುಗಳು ತೇವವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಹಲವರ ಕೈಯಲ್ಲಿ ಓಡಾಡುವ ಹೋಂ ಸ್ಟೇ ಮೇಜಿಗೆ ಅವೇ ಸಾಕು.

ಇನ್ನು ತೂಕ ಮತ್ತು ಉದ್ದ. ಪೂಲ್ ಕೋಲು ಸಾಮಾನ್ಯವಾಗಿ 58 ಅಂಗುಲ ಉದ್ದ, 18ರಿಂದ 21 ಔನ್ಸ್, ಅಂದರೆ ಸುಮಾರು 510ರಿಂದ 595 ಗ್ರಾಂ ತೂಗುತ್ತದೆ. ಎಲ್ಲ ತೂಕಗಳನ್ನೂ ಇಡುವುದು ದೊಡ್ಡ ಪಟ್ಟಣದ ಅಂಗಡಿಗೆ ಒಪ್ಪುತ್ತದೆ. ಸಣ್ಣ ಅಂಗಡಿಗೆ ನಡುವಿನ 19 ಔನ್ಸಿನದೇ ಸಾಕು. ಹೆಚ್ಚಿನವರ ಕೈಗೆ ಅದು ಒಗ್ಗುತ್ತದೆ. ಮಕ್ಕಳಿಗೂ, ಗೋಡೆ ಹತ್ತಿರವಿರುವ ಕಿರಿದಾದ ಕೋಣೆಗಳಿಗೂ 48 ಅಂಗುಲದ ಗಿಡ್ಡ ಕೋಲೊಂದು ಇರಲಿ.

ಕೊನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕೋಲಿನ ತುದಿಯ ಚರ್ಮದ ಬಿಲ್ಲೆ. ಇದನ್ನು ಟಿಪ್ ಎನ್ನುತ್ತಾರೆ. ಚೆಂಡನ್ನು ಮುಟ್ಟುವುದು ಇದೊಂದೇ. ಅದು ಜಾರದಿರಲೆಂದು ಹಚ್ಚುವ ನೀಲಿ ಚಾಕ್, ಹೆಸರಿಗೆ ಚಾಕ್ ಆದರೂ ನಮ್ಮ ಕರಿಹಲಗೆಯ ಸೀಮೆಸುಣ್ಣವಲ್ಲ. ಅದರಲ್ಲಿ ಮರಳಿನ ಜಾತಿಯ ಗರಸಾದ ಪುಡಿಯಿರುತ್ತದೆ. ಅಂಥ ಚಾಕಿಗೆ 1897ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಕೋಲು ವರ್ಷಗಟ್ಟಲೆ ಬಾಳುತ್ತದೆ; ಟಿಪ್ ಸವೆಯುತ್ತದೆ, ಚಾಕ್ ಮುಗಿಯುತ್ತದೆ. ಕೋಲು ಕೊಂಡವನು ಮತ್ತೆ ಬರುವುದು ಇವೆರಡಕ್ಕಾಗಿಯೇ. ಹಳೆಯ ಟಿಪ್ ಕಿತ್ತು, ತುದಿಯನ್ನು ಉಜ್ಜುಕಾಗದದಿಂದ ಸಮಮಾಡಿ, ಅಂಟು ಹಚ್ಚಿ ಹೊಸದನ್ನು ಒತ್ತಿ ಕೂರಿಸಿ, ಒಣಗಿದ ಮೇಲೆ ಅಂಚು ಕತ್ತರಿಸಿ ಗುಂಡಗೆ ಮಾಡಿಕೊಡುವ ಕೆಲಸವನ್ನು ಯಾರೂ ಕಲಿಯಬಹುದು. ಅದಕ್ಕೆ ಬಂಡವಾಳಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಈ ಮಾತುಗಳನ್ನೆಲ್ಲ ಕುಳಿತು ಆಲೋಚಿಸಿ ಮಾವ ಹೊಸ ಪಟ್ಟಿ ಮಾಡಿದರು: ಫೈಬರ್‌ಗ್ಲಾಸಿನ ಕೋಲು ಎರಡು, ಬಸ್ಸಿನಲ್ಲಿ ಒಯ್ಯಲು ಅನುಕೂಲವಾದ ಎರಡು ತುಂಡಿನ ಮೇಪಲ್ ಕೋಲು ಒಂದು, ಗಿಡ್ಡದು ಒಂದು, 13 ಮಿಲಿಮೀಟರಿನ ಟಿಪ್‌ಗಳ ಪೆಟ್ಟಿಗೆ ಒಂದು, ಚಾಕ್ ಬೇಕಾದಷ್ಟು. ಸ್ನೂಕರ್ ಕೋಲು ಕೇಳಿದವರಿಗೆ ಮುಂಗಡ ಪಡೆದು ತರಿಸಿಕೊಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ.

“ಈ ಆಟ ಜೂಜಿನವರದಲ್ಲವೆ?” ಎಂದು ಕೆಲವು ತಂದೆತಾಯಿಯರು ಕೇಳಬಹುದು. ಹಣ ಕಟ್ಟಿದರೆ ಯಾವ ಆಟವೂ ಜೂಜೇ. ಹಣ ಕಟ್ಟದೆ ಆಡಿದರೆ ಇದು ಕೋನ, ವೇಗ, ಏಕಾಗ್ರತೆಗಳ ಆಟ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಆಡ್ವಾಣಿ 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು, ಬಿಲಿಯರ್ಡ್ಸಿನಲ್ಲಿ 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ ಗಳಿಸಿದರು, 2018ರಲ್ಲಿ ಪದ್ಮಭೂಷಣರಾದರು.

ಈಗಲೂ ಮಾವನ ಸಾಲ ಪೂರ್ತಿ ತೀರಿಲ್ಲ. ಆದರೆ ಟಿಪ್ ಹಾಕಿಸಲು ಬರುವವರಿಂದ ಸ್ವಲ್ಪಸ್ವಲ್ಪವಾಗಿ ಕರಗುತ್ತಿದೆ. ಬಾಗಿದ ಕೋಲುಗಳಲ್ಲಿ ಒಂದನ್ನು ಅವರು ಮಾರದೆ, ಎಸೆಯದೆ ಉಳಿಸಿಕೊಂಡಿದ್ದಾರೆ. ಹೊಸ ಸರಕು ಬಂದಾಗಲೆಲ್ಲ ಮೊದಲು ಅದನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಆಮೇಲೆ ಹೊಸದನ್ನು ಉರುಳಿಸುತ್ತಾರೆ.